ಥಂಡಿಗೆ ಹಿಡಿದ ಮೊಣಕಾಲು, ಬಸುರಿ ನುಂಗುವ ಗುಳಿಗೆ

ಡಿಸೆಂಬರ್ ಬಂತೆಂದರೆ ಸಿಂಧನೂರಿನ ನಮ್ಮ ಕ್ಲಿನಿಕ್ಕಿನಲ್ಲಿ ಒಂದೇ ಮಾತು: "ಥಂಡಿಗೆ ಮಣಕಾಲು ಹಿಡಕೊಂಡಾವ್ರೀ ಡಾಕ್ಟ್ರ, ಒಂದು ಸೂಜಿ ಹಾಕ್ರಿ." ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಸೀಮೆ ನಮ್ಮದು. ಬೆಳಗಿನ ಜಾವದ 15-16 ಡಿಗ್ರಿಯೇ ನಮಗೆ ದೊಡ್ಡ ಚಳಿ.

ಚಳಿ ಕೀಲನ್ನು ಸವೆಸುವುದಿಲ್ಲ. ಇದ್ದ ನೋವನ್ನು ಜಾಸ್ತಿ ಮಾಡುತ್ತದೆ, ಅಷ್ಟೇ. ಥಂಡಿಗೆ ಸ್ನಾಯು ಬಿಗಿಯುತ್ತವೆ, ಕೀಲಿನೊಳಗಿನ ಜಿಡ್ಡು ದ್ರವ ತುಸು ಮಂದವಾಗುತ್ತದೆ. ವಯಸ್ಸಾದವರು ಕೌದಿ ಹೊದ್ದು ಕುಂತಲ್ಲೇ ಕೂರುತ್ತಾರೆ. ಹೆಣ್ಮಕ್ಕಳ ಕಥೆ ಬೇರೆ. ಹತ್ತಿ, ಮೆಣಸಿನಕಾಯಿ ಬಿಡಿಸುವ ಹಂಗಾಮು ಇದೇ ಅಲ್ವಾ? ದಿನವಿಡೀ ಬಗ್ಗಿ ದುಡಿದು, ರಾತ್ರಿ ತಣ್ಣನೆ ನೆಲದ ಮೇಲೆ ಕುಂತು ರೊಟ್ಟಿ ಬಡಿದರೆ ಮೊಣಕಾಲು ಸುಮ್ನೆ ಇರುತ್ತದಾ?

ಏಳುವ ಮುನ್ನ ಕೌದಿಯೊಳಗೇ ಪಾದಗಳನ್ನು 20 ಸಲ ಮೇಲೆ ಕೆಳಗೆ ಆಡಿಸಿ. ಮೊಣಕಾಲನ್ನು 10 ಸಲ ಮೆಲ್ಲಗೆ ಮಡಚಿ ಚಾಚಿ. ಆಮೇಲೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲ್ಲು 15 ನಿಮಿಷ ಇಡಿ. ಶುಗರ್ ಇದ್ದವರು ಬಿಸಿ ಎಷ್ಟಿದೆ ಅಂತ ಮನೆಯವರಿಂದ ಮುಟ್ಟಿಸಿ ನೋಡಿ, ಕಾಲು ಜೋಮು ಹಿಡಿದಿದ್ದರೆ ಸುಟ್ಟದ್ದೂ ತಿಳಿಯುವುದಿಲ್ಲ. ಎಣ್ಣೆ ತಿಕ್ಕಬಹುದಾ? ತಿಕ್ಕಿ, ಹಿತವಾಗುತ್ತದೆ. ಎಣ್ಣೆ ಕೀಲಿನೊಳಗೆ ಇಳಿಯುವುದಿಲ್ಲ, ಆ ಮಾತು ಬೇರೆ.

ನೋವು ಬೇಸಿಗೆಯಲ್ಲೂ ಬಿಡದೆ, ಕುತ್ತಿಗೆ, ಬೆನ್ನು ಕಟ್ಟಿಗೆಯಂತೆ ಬಿಗಿದಿದ್ದರೆ ನಾನು ಮೊದಲು ಕೇಳುವುದು ನೀರಿನ ಬಗ್ಗೆ. ರಾಯಚೂರು, ಕೊಪ್ಪಳ, ಬಳ್ಳಾರಿಯ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಎಂಬ ಲವಣ ಜಾಸ್ತಿ, ವರ್ಷಗಟ್ಟಲೆ ಅದನ್ನೇ ಕುಡಿದರೆ ಎಲುಬು, ಕೀಲು ಬಿಗಿಯುತ್ತವೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಲು ತಕ್ಕುದಲ್ಲ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ.

ಇನ್ನು ಬಸುರಿಯರ ಮಾತು. ಮಸ್ಕಿ ಕಡೆಯ ಏಳು ತಿಂಗಳ ಬಸುರಿಯೊಬ್ಬಳು ಸೆರಗಿನ ಗಂಟು ಬಿಚ್ಚಿ ಪೇಪರಿನ ಪೊಟ್ಟಣ ತೋರಿಸಿದಳು. ಒಂದು ಬಿಳಿ ಗುಳಿಗೆ, ಒಂದು ಹಳದಿ, ಅರ್ಧ ಮುರಿದ ಕೆಂಪು ಒಂದು. ಹೆಸರಿಲ್ಲ, ಚೀಟಿಯಿಲ್ಲ. "ನಮ್ಮತ್ತಿಗೆ ಛಲೋ ಆತ್ರಿ, ಅದಕ್ಕ ನಾನೂ ತಗೊಂಡೆ" ಅಂದಳು. ನನಗೆ ಭಯವಾಗುವುದು ಇಲ್ಲೇ. ಥಂಡಿಯಿಂದ ಕೂಸಿಗೆ ಏನೂ ಆಗುವುದಿಲ್ಲ, ಇಂಥ ಪೊಟ್ಟಣದಿಂದ ಆದೀತು. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯ ನೋವಿನ ಗುಳಿಗೆ 20 ವಾರದ ನಂತರ ಕೂಸಿನ ಕಿಡ್ನಿಗೆ ತೊಂದರೆ ಕೊಟ್ಟು ಗರ್ಭದ ನೀರು ಕಡಿಮೆ ಮಾಡಬಹುದು. ಕೊನೆಯ ಮೂರು ತಿಂಗಳಲ್ಲಿ, ಹುಟ್ಟಿದ ಮೇಲೆ ಮುಚ್ಚಬೇಕಾದ ಹೃದಯದ ಬಳಿಯ ರಕ್ತನಾಳ ಹೊಟ್ಟೆಯಲ್ಲೇ ಕಿರಿದಾಗಬಹುದು. 20 ವಾರಕ್ಕೆ ಮುಂಚೆಯೂ ಕೇಳದೆ ನುಂಗಬೇಡಿ. ಹಚ್ಚುವ ನೋವಿನ ಜೆಲ್ ಕೂಡ ಕೇಳದೆ ಬೇಡ. ಸಾಮಾನ್ಯವಾಗಿ ನಾವು ಕೊಡುವುದು ಪ್ಯಾರಾಸಿಟಮಾಲ್. ಅದನ್ನೂ ಎಷ್ಟು, ಎಷ್ಟು ದಿನ ಅಂತ ಕೇಳಿಯೇ ತಗೊಳ್ಳಿ.

ಬಸುರಿಯಲ್ಲಿ ಹಾರ್ಮೋನಿನಿಂದ ಸೊಂಟದ ಕೀಲುಗಳು ಸಡಿಲಾಗುತ್ತವೆ, ಮೇಲೆ 10-12 ಕಿಲೋ ಭಾರ. ನೆಲ ಬಿಟ್ಟು ಸ್ಟೂಲಿನ ಮೇಲೆ ಕುಂತು ಕೆಲಸ ಮಾಡಿ. ಎಡಮಗ್ಗುಲಿಗೆ ಮಲಗಿ ಮೊಣಕಾಲ ನಡುವೆ ದಿಂಬು ಇಟ್ಟುಕೊಳ್ಳಿ. ಬಿಸಿ ಕಾವು ಬೆನ್ನಿಗೆ, ಮೊಣಕಾಲಿಗೆ ಕೊಡಬಹುದು, ಹೊಟ್ಟೆಗೆ ಬೇಡ. ಒಂದೇ ಮೀನಖಂಡ ಊದಿ ನೋಯುತ್ತಿದ್ದರೆ, ಮುಖ-ಕೈ ಊದಿ ತಲೆ ಸಿಡಿದು ಕಣ್ಣು ಮಂಜಾದರೆ, ಕೀಲು ಕೆಂಪಾಗಿ ಜ್ವರ ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಿ.

ಸಂಧಿವಾತಕ್ಕೆ, ಅಂದರೆ ಕೀಲುಗಳು ಊದಿ ಬಿಗಿಯುವ ರುಮಟಾಯ್ಡ್ ಕಾಯಿಲೆಗೆ, ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಎಂಬ ಔಷಧಿ ತಗೊಳ್ಳುವವರು ಬಸುರಿಯಾಗುವ ಯೋಚನೆ ಇದ್ದರೆ ತಿಂಗಳುಗಳ ಮುಂಚೆಯೇ ಹೇಳಿ. ಅದು ಕೂಸಿಗೆ ಅಪಾಯ, ಗುಳಿಗೆ ಬದಲಿಸಬೇಕು. ಈ ಕಾಯಿಲೆ ಬಸುರಿಯಲ್ಲಿ ಹಲವರಿಗೆ ತಗ್ಗಿ, ಹೆರಿಗೆಯಾದ ಕೆಲ ತಿಂಗಳಲ್ಲಿ ಮತ್ತೆ ಏಳುತ್ತದೆ. ಮನೆಯವರು "ಬಾಣಂತನದಾಗ ಥಂಡಿ ತಾಕೇತಿ" ಅಂದುಕೊಂಡು ಬಾಗಿಲು ಮುಚ್ಚಿ ಅಗ್ಗಿಷ್ಟಿಕೆ ಇಡುತ್ತಾರೆ. ಮುಚ್ಚಿದ ಕೋಣೆಯ ಕೆಂಡದಿಂದ ವಾಸನೆಯೇ ಇಲ್ಲದ ವಿಷಗಾಳಿ ಏಳುತ್ತದೆ, ತಾಯಿ-ಕೂಸು ಇಬ್ಬರ ಜೀವಕ್ಕೂ ಕುತ್ತು. ಕೆಂಡ ಹೊರಗಿಡಿ. ಬೆಳಿಗ್ಗೆ ಎದ್ದು ಒಂದು ಗಂಟೆಯಾದರೂ ಬೆರಳುಗಳ ಬಿಗಿ ಬಿಡದಿದ್ದರೆ ಬಾಣಂತಿಯನ್ನು ಕರೆತಂದು ರಕ್ತ ಪರೀಕ್ಷೆ ಮಾಡಿಸಿ.