ಹಳದಿ ಬಣ್ಣ ಬಳಿದ ಮಾತ್ರಕ್ಕೆ ಹೊಲ ಸೈಟಾಗದು

ಊರಿನ ಯಾವ ಜಾಗ ಯಾವ ಬಳಕೆಗೆ ಎಂದು ಗುರುತಿಸುವ ಮಹಾಯೋಜನೆ (ಮಾಸ್ಟರ್ ಪ್ಲಾನ್) ಪರಿಷ್ಕರಣೆಯಾಗುತ್ತದೆ ಎಂಬ ಸುದ್ದಿ ಹಬ್ಬಿದರೆ ಸಾಕು, ನನ್ನ ಕಚೇರಿಗೆ ಬರುವವರೆಲ್ಲರ ಪ್ರಶ್ನೆ ಒಂದೇ: ‘ನಮ್ಮ ಹೊಲ ಯೆಲ್ಲೋ ಆಗಿದೆಯಾ ಸಾರ್?’ ದಾವಣಗೆರೆಯಲ್ಲಿ ಜನ ಈ ಯೋಜನೆಯನ್ನು ಇಂದಿಗೂ ಸಿಡಿಪಿ (ಸಮಗ್ರ ಅಭಿವೃದ್ಧಿ ಯೋಜನೆ) ಎಂದೇ ಕರೆಯುತ್ತಾರೆ. ನಕ್ಷೆಯಲ್ಲಿ ಹಳದಿ ಎಂದರೆ ವಸತಿ, ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ, ಹಸಿರು ಉದ್ಯಾನ. ಹಳದಿ ಕಂಡ ಕೂಡಲೇ ಎಕರೆ ಲೆಕ್ಕ ಬಿಟ್ಟು ಚದರಡಿ ಲೆಕ್ಕಕ್ಕೆ ಇಳಿಯುತ್ತಾರೆ. ಆದರೆ ಮುಂದೆ ಆ ಜಾಗ ಯಾವ ಬಳಕೆಗೆ ಸಲ್ಲಬಹುದು ಎಂಬುದನ್ನಷ್ಟೇ ಬಣ್ಣ ಹೇಳುತ್ತದೆ. ಪಹಣಿಯಲ್ಲಿ ಅದು ಇನ್ನೂ ಹೊಲವೇ. ಭೂಪರಿವರ್ತನೆಯ ನಿಯಮ ಪಾಲಿಸಬೇಕು, ಬಡಾವಣೆ ನಕ್ಷೆಗೆ ನಗರಾಭಿವೃದ್ಧಿ ಪ್ರಾಧಿಕಾರದ ಅನುಮೋದನೆ ಸಿಗಬೇಕು, ರಸ್ತೆಗೆ, ಉದ್ಯಾನಕ್ಕೆ ಜಾಗ ಬಿಡಬೇಕು. ಇದಾವುದೂ ಇಲ್ಲದ ರೆವಿನ್ಯೂ ಸೈಟು ಕೊಂಡು, ಖಾತೆಗಾಗಿ ವರ್ಷಗಟ್ಟಲೆ ಅಲೆಯುವವರನ್ನು ದಿನವೂ ನೋಡುತ್ತೇನೆ.

1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಹತ್ತು ವರ್ಷಕ್ಕೊಮ್ಮೆಯಾದರೂ ಯೋಜನೆ ಪರಿಷ್ಕರಣೆಯಾಗಬೇಕು. ಕರಡು ಪ್ರಕಟವಾದ ಮೇಲೆ ಸಾರ್ವಜನಿಕರ ಅಭಿಪ್ರಾಯಕ್ಕೆ ಸಿಗುವುದು 60 ದಿನ. ಬಹಳಷ್ಟು ಮಂದಿ ಆಕ್ಷೇಪಣೆ ಬರೆಸಲು ನನ್ನ ಬಳಿ ಬರುವುದು ಅರವತ್ತೊಂದನೆಯ ದಿನದ ನಂತರ.

ಸಮಯಕ್ಕೆ ಸರಿಯಾಗಿ ಬಂದ ರೈತರೊಬ್ಬರ ನೆನಪು ಇನ್ನೂ ಹಸಿರಾಗಿದೆ. ಭದ್ರಾ ನಾಲೆಯ ನೀರುಣ್ಣುವ ಮೂರು ಎಕರೆ ಗದ್ದೆ ಅವರದು. ಸರ್ವೆ ನಂಬರಿನೊಳಗೆ ತಮ್ಮ ಪಾಲು ತೋರಿಸುವ ಹಿಸ್ಸಾ ನಕ್ಷೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದಿದ್ದರು. ಕರಡು ನಕ್ಷೆಯ ಅಳತೆಗೆ ಇಳಿಸಿ ಮೇಲಿಟ್ಟು ನೋಡಿದೆ: 18 ಮೀಟರ್ ಅಗಲದ ಉದ್ದೇಶಿತ ರಸ್ತೆ ಅವರ ಹೊಲಗಾಲುವೆಯ ಮೇಲೆಯೇ ಹಾದಿತ್ತು. ‘ನಮ್ಮ ಗದ್ದೆ ಬಿಟ್ಟು ಬೇರೆ ಕಡೆ ಹಾಕಲಿ ಎಂದು ಬರೆಯಿರಿ’ ಎಂದರು. ಹಾಗೆ ಬರೆದ ಅರ್ಜಿಗೆ ತೂಕವಿರುವುದಿಲ್ಲ. ಗ್ರಾಮ ನಕ್ಷೆ ತರಿಸಿದಾಗ ಗದ್ದೆಯ ಪೂರ್ವಕ್ಕೆ ಹಳೆಯ ಬಂಡಿದಾರಿಯ ಚುಕ್ಕೆ ಗೆರೆ ಸಿಕ್ಕಿತು. ಅದು ಮೊದಲೇ ದಾರಿ. ಅದನ್ನೇ ಎರಡೂ ಕಡೆ ಅಗಲಿಸಿದರೆ ಕಾಲುವೆ ಉಳಿಯುತ್ತದೆ, ಕೆಳಗಿನ ಗದ್ದೆಗಳಿಗೂ ನೀರು ಹರಿಯುತ್ತದೆ. ಸರ್ವೆ ನಂಬರ್, ಹಿಸ್ಸಾ, ಕಾಲುವೆಯ ಉದ್ದ, ಬದಲಿ ಮಾರ್ಗ ಎಲ್ಲವನ್ನೂ ನಮೂದಿಸಿದೆವು. ಕೆಳಗಿನ ಗದ್ದೆಗಳ ಏಳು ಮಂದಿಯೂ ಸಹಿ ಹಾಕಿದರು.

ಇನ್ನೊಂದು ಮಾತು. ಸಾರ್ವಜನಿಕ ಉದ್ದೇಶಕ್ಕೆ ಗುರುತಿಸಿದ ಜಮೀನನ್ನು ಐದು ವರ್ಷದೊಳಗೆ ಪಡೆಯದೆ, ಸ್ವಾಧೀನ ಕ್ರಮವನ್ನೂ ಆರಂಭಿಸದಿದ್ದರೆ ಆ ಗುರುತು ರದ್ದಾದಂತೆ ಎನ್ನುತ್ತದೆ ಇದೇ ಕಾಯ್ದೆಯ 69ನೇ ಕಲಂ. ಆದರೆ ಗೆರೆ ತಾನಾಗಿ ಅಳಿಯದು, ಬರೆದು ಕೇಳಬೇಕು.

ಹೊಲದ ಗೆರೆಗಳಿಗಿಂತ ನನ್ನನ್ನು ಹೆಚ್ಚು ಕಾಡುವುದು ಮಂಡಕ್ಕಿ ಭಟ್ಟಿಗಳ ಪ್ರದೇಶ. ಅಲ್ಲಿ ಭಟ್ಟಿಯ ಗೋಡೆಗೆ ಮನೆಯ ಗೋಡೆ ತಾಗಿದೆ. ಅಂಗಳದಲ್ಲಿ ಅಕ್ಕಿ ಒಣಗುತ್ತಿರುತ್ತದೆ, ಪಕ್ಕದಲ್ಲೇ ಮಕ್ಕಳು ಆಡುತ್ತಿರುತ್ತಾರೆ, ಮೇಲೆ ಹೊಗೆ. ಪೂರ್ತಿ ಹಳದಿ ಬಳಿದರೆ ಭಟ್ಟಿ ವಿಸ್ತರಿಸಲು ಪರವಾನಗಿ ಸಿಗುವುದು ಕಷ್ಟ. ಪೂರ್ತಿ ನೇರಳೆ ಬಳಿದರೆ ಅಲ್ಲೇ ಬದುಕುವವರು ಮನೆ ಕಟ್ಟಲು ಪರದಾಡಬೇಕು. ಊರಿಗೆಲ್ಲ ಮಂಡಕ್ಕಿ ಕೊಡುವ ಈ ಕುಟುಂಬಗಳಿಗೆ ಉರುವಲಿನ, ಹೊಗೆ ಕೊಳವೆಯ, ಜಾಗದ ಷರತ್ತುಗಳನ್ನು ಸ್ಪಷ್ಟವಾಗಿ ಬರೆದ ಮಿಶ್ರ ಬಳಕೆಯ ವಲಯವೇ ಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಓಣಿಯಲ್ಲಿ ನಡೆದು ನೋಡದೆ ಅದನ್ನು ಬರೆಯಲಾಗದು.

ಭಟ್ಟಿಯಲ್ಲಿ ಕೂಲಿಗೆ ದುಡಿಯುವವರ ಹೆಸರು ಜಾಗದ ಕಾಗದಪತ್ರಗಳಲ್ಲಿ ಇರುವುದಿಲ್ಲ. ಆದರೆ ಕಾಯ್ದೆ ಕೇಳುವುದು ಸಾರ್ವಜನಿಕರ ಅಭಿಪ್ರಾಯವನ್ನು, ಜಮೀನಿನ ಮಾಲೀಕರದ್ದನ್ನಷ್ಟೇ ಅಲ್ಲ. ಆಕ್ಷೇಪಣೆ ಬರೆಸಲು ಅಲ್ಲಿಂದ ಇದುವರೆಗೆ ನನ್ನ ಬಳಿ ಒಬ್ಬರೂ ಬಂದಿಲ್ಲ. ಮುಂದಿನ ಕರಡು ಪ್ರಕಟವಾದ ವಾರವೇ ನಕ್ಷೆ ಹಿಡಿದು ನಾನೇ ಹೋಗುತ್ತೇನೆ.