ನಾಗವರ್ಮರು ಎಷ್ಟು ಮಂದಿ?

ನಾಗವರ್ಮ ಎಂಬ ಹಳಗನ್ನಡ ಕವಿಯ ಹೆಸರಿನಲ್ಲಿ ಹಲವು ಕೃತಿಗಳಿವೆ. ಆದರೆ ಓಲೆಗರಿಗಳಲ್ಲಿ ‘ಒಂದನೆಯ ನಾಗವರ್ಮ’, ‘ಎರಡನೆಯ ನಾಗವರ್ಮ’ ಎಂಬ ಮಾತು ಬರುವುದಿಲ್ಲ. ಆ ಸಂಖ್ಯೆಗಳನ್ನು ಅಂಟಿಸಿದವರು ಈಚಿನ ಸಾಹಿತ್ಯ ಚರಿತ್ರಕಾರರು.

1875ರಲ್ಲಿ ಕಿಟ್ಟೆಲ್ ಛಂದಸ್ಸಿನ ಗ್ರಂಥ ‘ಛಂದೋಂಬುಧಿ’ಯನ್ನು ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. 1884ರಲ್ಲಿ ಬಿ.ಎಲ್. ರೈಸ್ ವ್ಯಾಕರಣ ಗ್ರಂಥ ‘ಕರ್ಣಾಟಕ ಭಾಷಾಭೂಷಣ’ವನ್ನು ಹೊರತಂದರು. ಎರಡೂ ನಾಗವರ್ಮನವೇ. ಛಂದಸ್ಸು, ವ್ಯಾಕರಣ, ಅಲಂಕಾರ, ನಿಘಂಟು, ಇವುಗಳ ಜೊತೆಗೆ ಸಂಸ್ಕೃತ ಕವಿ ಬಾಣನ ‘ಕಾದಂಬರಿ’ಯ ಕನ್ನಡ ಚಂಪೂ (ಗದ್ಯಪದ್ಯ ಬೆರೆತ ಕಾವ್ಯ), ಎಲ್ಲವೂ ಮೊದಮೊದಲು ಒಬ್ಬನೇ ಕವಿಯ ಲೆಕ್ಕಕ್ಕೆ ಬಿದ್ದವು.

ಗಂಟು ಬಿಡಿಸಲು ನೆರವಾದದ್ದು ಕವಿಗಳು ತಮ್ಮ ಬಗ್ಗೆ ಹೇಳಿಕೊಂಡ ಪದ್ಯಗಳು. ಛಂದೋಂಬುಧಿಕಾರನ ತಂದೆ ವೆಣ್ಣಮಯ್ಯ, ಮೂಲ ವೆಂಗಿನಾಡು, ಗುರು ಅಜಿತಸೇನ, ಆಶ್ರಯ ಕೊಟ್ಟವನು ಗಂಗರ ದೊರೆ ರಕ್ಕಸಗಂಗ. ಮನೆತನ ಬ್ರಾಹ್ಮಣರದು, ಕಾಲ ಸುಮಾರು 990. ಅಲಂಕಾರದ ‘ಕಾವ್ಯಾವಲೋಕನ’, ವ್ಯಾಕರಣದ ‘ಭಾಷಾಭೂಷಣ’, ನಿಘಂಟಾದ ‘ವಸ್ತುಕೋಶ’ಗಳನ್ನು ಬರೆದವನು ಜೈನ, ದಾಮೋದರನ ಮಗ. ತಂದೆಯೇ ಬೇರೆಯಾದ ಮೇಲೆ ವಾದಕ್ಕೆ ಎಡೆಯಿಲ್ಲ. ಆರ್. ನರಸಿಂಹಾಚಾರ್ಯರ ‘ಕರ್ನಾಟಕ ಕವಿಚರಿತೆ’ ಇಬ್ಬರನ್ನೂ ಬೇರೆ ಬೇರೆ ಕೂರಿಸಿತು.

ಕಾಲದ ಪ್ರಶ್ನೆ ಮಾತ್ರ ಅಷ್ಟು ಸಲೀಸಾಗಿ ಬಗೆಹರಿಯಲಿಲ್ಲ. ಎರಡನೆಯ ನಾಗವರ್ಮ ಚಾಳುಕ್ಯ ದೊರೆ ಜಗದೇಕಮಲ್ಲನ ಕಟಕೋಪಾಧ್ಯಾಯ, ಎಂದರೆ ರಾಜಬೀಡಿನ ಉಪಾಧ್ಯಾಯ. ಜಗದೇಕಮಲ್ಲ ಎಂಬುದು ಬಿರುದು, ಅದನ್ನು ಹೊತ್ತವರೂ ಇಬ್ಬರು: 1015ರಿಂದ 1042ರ ಸುಮಾರಿನವರೆಗೆ ಆಳಿದ ಜಯಸಿಂಹ, ಮತ್ತು 1138ರಲ್ಲಿ ಪಟ್ಟಕ್ಕೆ ಬಂದ ಇನ್ನೊಬ್ಬ. ಕವಿಚರಿತೆ ಈಚಿನವನನ್ನು ಹಿಡಿದು 1145ರ ಸುಮಾರು ಎಂದಿತು. 1042ರದೆಂದು ಹೇಳುವ ‘ವರ್ಧಮಾನ ಪುರಾಣ’ವೂ ಇವನದೇ ಎಂದು ಒಪ್ಪುವವರು ಜಯಸಿಂಹನ ಕಡೆಗಿದ್ದಾರೆ. ಬಿರುದೊಂದನ್ನೇ ನೆಚ್ಚಿಕೊಂಡರೆ ಹೀಗೆ ನೂರು ವರ್ಷ ಆಚೀಚೆ ಆಗಿಬಿಡುತ್ತದೆ.

ಛಂದಸ್ಸು, ವ್ಯಾಕರಣಗಳ ನಿಯಮ ಹೇಳುವ ಲಕ್ಷಣಗ್ರಂಥಗಳಲ್ಲಿ ಕಾಲ ತಿಳಿಯಲು ಇನ್ನೊಂದು ದಾರಿಯುಂಟು. ಲಕ್ಷ್ಯವಾಗಿ, ಅಂದರೆ ಉದಾಹರಣೆಯಾಗಿ, ಕೊಟ್ಟ ಪದ್ಯ ಯಾವ ಕವಿಯದೆಂದು ತಿಳಿದರೆ, ಲಕ್ಷಣಕಾರ ಅವನಿಗಿಂತ ಈಚಿನವನು. ಆದರೆ ಓಲೆಗಳನ್ನು ನಕಲು ಮಾಡುತ್ತಿದ್ದ ಪ್ರತಿಕಾರರು ತಮಗೆ ಬೇಕಾದ ಪದ್ಯಗಳನ್ನು ನಡುವೆ ಸೇರಿಸುತ್ತಿದ್ದರು. ಛಂದೋಂಬುಧಿಯಲ್ಲಂತೂ ಪ್ರಕ್ಷಿಪ್ತಗಳ ಕಾಟ ಹೆಚ್ಚು. ಆದ್ದರಿಂದ ಎಲ್ಲ ಪ್ರತಿಗಳಲ್ಲೂ ಇರುವ ಪದ್ಯಕ್ಕೆ ಮಾತ್ರ ಬೆಲೆ ಕೊಡಬೇಕು.

ಹೀಗೆಯೇ ಹೆಸರೊಂದೇ ಆದ ಇಬ್ಬರು ಚಾವುಂಡರಾಯರ ವಿಷಯ ಇದಕ್ಕಿಂತ ಸುಲಭ. ಗೊಮ್ಮಟನನ್ನು ನಿಲ್ಲಿಸಿದ ಗಂಗರ ಮಂತ್ರಿಯ ಪುರಾಣ 978ರದು; ಕೃಷಿ, ಜಲಶೋಧ, ಅಡುಗೆಗಳನ್ನು ಹೇಳುವ ‘ಲೋಕೋಪಕಾರ’ದ ಚಾವುಂಡರಾಯ 1025ರ ಹೊತ್ತಿಗೆ ಚಾಳುಕ್ಯರ ಆಶ್ರಯದಲ್ಲಿದ್ದವನು.

ಒಂದನೆಯ ನಾಗವರ್ಮನಾದರೂ ಗಟ್ಟಿಯೇ? ‘ಕರ್ಣಾಟಕ ಕಾದಂಬರಿ’ಯ ಕವಿ ಆಶ್ರಯದಾತನೆಂದು ಹೊಗಳುವುದು ಚಂದ್ರರಾಜನನ್ನು, ರಕ್ಕಸಗಂಗನನ್ನಲ್ಲ. ಇದನ್ನೇ ಹಿಡಿದು ಆ ಕವಿಯನ್ನೂ ಬೇರೆಯವನೆಂದು ವಾದಿಸಿದವರಿದ್ದಾರೆ. ಲೇಖನದಲ್ಲಾಗಲಿ ಗ್ರಂಥಸೂಚಿಯಲ್ಲಾಗಲಿ ಬರೆಯುವಾಗ ‘ಛಂದೋಂಬುಧಿಯ ನಾಗವರ್ಮ’, ‘ಕಾದಂಬರಿಯ ನಾಗವರ್ಮ’, ‘ಕಾವ್ಯಾವಲೋಕನದ ನಾಗವರ್ಮ’ ಎಂದು ಕೃತಿಯೊಡನೆ ಗುರುತಿಸುವುದು ಕ್ಷೇಮ. ನಾಳೆ ಸಂಖ್ಯೆ ಬದಲಾದರೂ ಆ ಗುರುತು ಕೆಡುವುದಿಲ್ಲ.