ಶಾವಿಗೆಯಂಥ ನಕ್ಷೆಯ ಸಿಕ್ಕನ್ನು ಎಲ್ಲಿಂದ ಬಿಡಿಸಬೇಕು?

ಚಾಕಣದ ಬಿಡಿಭಾಗ ಕಾರ್ಖಾನೆಯೊಂದರ ಖರೀದಿ ದಾಖಲೆಯನ್ನು, ಕೆಲಸ ನಡೆದ ದಾರಿಯನ್ನು ದಾಖಲೆಯಿಂದ ತೋರಿಸುವ ಪ್ರೊಸೆಸ್ ಮೈನಿಂಗ್ ಸಾಫ್ಟ್‌ವೇರಿಗೆ ಹಾಕಿದರೆ ಮೊದಲು ಬರುವುದು ಶಾವಿಗೆ ಮುದ್ದೆಯಂಥ ನಕ್ಷೆ. ಅದರಲ್ಲಿ ಚೌಕಗಳು ಕೆಲಸಗಳು, ಬಾಣಗಳು ಒಂದು ಕೆಲಸದಿಂದ ಇನ್ನೊಂದಕ್ಕೆ ಹೋದ ದಾರಿಗಳು. ಪುಣೆಯಲ್ಲಿ ಈ ಕೆಲಸಕ್ಕೆ ಹೊಸದಾಗಿ ಸೇರಿದ ನಮ್ಮ ಹುಡುಗ ಹುಡುಗಿಯರು ಕೂಡಲೇ ಸ್ಲೈಡರ್ ಎಳೆದು ಅಪರೂಪದ ದಾರಿಗಳ ತೆಳು ಬಾಣಗಳನ್ನು ಅಳಿಸಿಬಿಡುತ್ತಾರೆ. ದಯವಿಟ್ಟು ಬೇಡ. ಬಾಣ ಹೋದರೂ ಚೌಕದೊಳಗಿನ ಎಣಿಕೆ ಹಾಗೇ ಉಳಿಯುತ್ತದೆ. ಒಳಬಂದದ್ದು 1,000, ಹೊರಹೋದದ್ದು 870 ಎಂದು ತೋರಿಸಿದರೆ ಮ್ಯಾನೇಜರ್ ಉಳಿದ 130ನ್ನು ಎಲ್ಲಿ ಹುಡುಕಬೇಕು?

ಸಿಕ್ಕು ಹೆಚ್ಚಾಗಿ ಹುಟ್ಟುವುದು ‘ಕೇಸ್’ (ಮೊದಲಿಂದ ಕೊನೆವರೆಗೆ ಹಿಂಬಾಲಿಸುವ ಒಂದು ಘಟಕ) ಯಾವುದೆಂದು ತೀರ್ಮಾನಿಸುವಲ್ಲಿ. ಒಂದು ಪಿಒದಲ್ಲಿ (ಖರೀದಿ ಆದೇಶದಲ್ಲಿ) 40 ಐಟಂ ಇವೆ ಎನ್ನೋಣ. ಪಿಒ ಸಂಖ್ಯೆಯನ್ನೇ ಕೇಸ್ ಮಾಡಿದರೆ ಒಂದು ಐಟಂನ ತಪಾಸಣೆ ಮುಗಿದ ಮೇಲೆ ಇನ್ನೊಂದರ ಜಿಆರ್‌ಎನ್ (ಮಾಲು ಬಂದು ಸೇರಿದ ರಸೀದಿ) ಬರುತ್ತದೆ. ಸಾಫ್ಟ್‌ವೇರ್ ಅದನ್ನು ಕೆಲಸ ಹಿಂದಕ್ಕೆ ಹೋಯಿತೆಂದೇ ಓದುತ್ತದೆ. ಪಿಒದ ಒಂದೊಂದು ಸಾಲನ್ನೂ ಒಂದೊಂದು ಕೇಸ್ ಮಾಡಿ, ಈ ಸುಳ್ಳು ಸುತ್ತುಗಳು ತಾವಾಗಿ ಹೋಗುತ್ತವೆ. ಆದರೆ ಎಚ್ಚರ: 40 ಸಾಲಿಗೂ ಸೇರಿ ಬಂದ ಒಂದೇ ಬಿಲ್ ಈಗ 40 ಸಲ ಎಣಿಕೆಯಾಗುತ್ತದೆ. ಬಿಲ್‌ಗಳ ಲೆಕ್ಕವನ್ನು ಬಿಲ್ ಪಟ್ಟಿಯಿಂದಲೇ ತೆಗೆಯಿರಿ, ನಕ್ಷೆಯಿಂದಲ್ಲ.

ಆಮೇಲೆ ಸಮಯ. ಗೇಟಿನ ಕಂಪ್ಯೂಟರ್ ಭಾರತೀಯ ಕಾಲಮಾನದಲ್ಲಿ, ಅಕೌಂಟ್ಸ್‌ನದು ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಕಾಲದಲ್ಲಿ) ಬರೆಯುತ್ತಿದ್ದರೆ 5 ಗಂಟೆ 30 ನಿಮಿಷದ ಅಂತರದಿಂದ ಮಾಲು ಬರುವ ಮೊದಲೇ ಬಿಲ್ ದಾಖಲಾದಂತೆ ಕಾಣುತ್ತದೆ. ಬರೀ ದಿನಾಂಕವಿರುವ ಕಡೆ ಕೆಲಸದ ಸಹಜ ಕ್ರಮವನ್ನು ನೀವೇ ಕೊಡಬೇಕು, ಕೊಟ್ಟದ್ದನ್ನು ಬರೆದಿಡಬೇಕು.

ಇಷ್ಟಾದ ಮೇಲೂ ನಕ್ಷೆ ದಟ್ಟವಾಗಿದ್ದರೆ, ದಾಖಲೆಯಿಂದ ಕೆಲಸದ ಮಾದರಿ ಕಟ್ಟುವ ಇಂಡಕ್ಟಿವ್ ಮೈನರ್ ಎಂಬ ವಿಧಾನ ಬಳಸಿ. ಅಪರೂಪದ ನಡೆಗಳನ್ನು ಬಿಟ್ಟುಬಿಡುವ ಅದರ ರೂಪದಲ್ಲಿ, ಪ್ರಾಮ್ ಎಂಬ ಪ್ರೊಸೆಸ್ ಮೈನಿಂಗ್ ಸಾಫ್ಟ್‌ವೇರಿನಲ್ಲಿ ಮಿತಿ 0.2 ಎಂದು ಮೊದಲೇ ಇಟ್ಟಿರುತ್ತದೆ. ನೀವು 0ಯಿಂದ ಶುರು ಮಾಡಿ. ಆಗ ದಾಖಲೆಯ ಪ್ರತಿ ಕೇಸೂ ಮಾದರಿಯ ಮೇಲೆ ನಡೆಯುತ್ತದೆ. ನಂತರ 0.05ರಂತೆ ಏರಿಸುತ್ತಾ ಪ್ರತಿ ಸಲ ಫಿಟ್‌ನೆಸ್ (ದಾಖಲೆ ಮಾದರಿಗೆ ಎಷ್ಟು ಹೊಂದುತ್ತದೆ; ಪೂರ್ತಿ ಹೊಂದಿದರೆ 1), ಪ್ರಿಸಿಷನ್ (ದಾಖಲೆಯಲ್ಲಿಲ್ಲದ ನಡೆಗಳಿಗೆ ಮಾದರಿ ಎಷ್ಟು ಕಡಿಮೆ ಅವಕಾಶ ಕೊಡುತ್ತದೆ) ಎರಡನ್ನೂ ನೋಡಿ. ಯಾವ ಕೆಲಸ ಯಾವಾಗ ಬೇಕಾದರೂ ಆಗಬಹುದೆನ್ನುವ ‘ಹೂವಿನ ಮಾದರಿ’ಗೂ ಫಿಟ್‌ನೆಸ್ 1 ಬರುತ್ತದೆ. ನೋಡಲು ಚೊಕ್ಕ, ತಿಳಿಸುವುದು ಏನೂ ಇಲ್ಲ. ಮಾದರಿ ಪೆಟ್ರಿ ನೆಟ್ (ಯಾವ ಕೆಲಸ ಯಾವಾಗ ಆಗಬಹುದೆಂದು ನಿರ್ಬಂಧಿಸುವ ‘ಪ್ಲೇಸ್’ ಎಂಬ ವೃತ್ತಗಳು ಕೆಲಸಗಳನ್ನು ಜೋಡಿಸುವ ನಕ್ಷೆ) ಆಗಿದ್ದರೆ, ಉಳಿದ ಪ್ಲೇಸ್‌ಗಳು ಆಗಲೇ ಹಾಕಿದ ನಿರ್ಬಂಧವನ್ನೇ ಮತ್ತೆ ಹಾಕುವ ಪ್ಲೇಸ್‌ಗಳನ್ನು ತೆಗೆದುಹಾಕಿ. ಗೆರೆಗಳು ಕಡಿಮೆಯಾಗುತ್ತವೆ, ಮಾದರಿಯ ನಡವಳಿಕೆ ಒಂದಿಷ್ಟೂ ಬದಲಾಗುವುದಿಲ್ಲ.

ಮಾದರಿಗೆ ಹೊಂದದೆ ಹೊರಗುಳಿದ ಕೇಸ್‌ಗಳನ್ನು ಎಸೆಯದೆ ಬೇರೆ ಫೈಲಿನಲ್ಲಿಟ್ಟು ಖರೀದಿ ವಿಭಾಗಕ್ಕೆ ಕೊಡಿ. ಜಿಆರ್‌ಎನ್ ಆಗದೆಯೇ ಹಣ ಸಂದ ಬಿಲ್ ಇದ್ದರೆ ಅದು ಸಿಗುವುದು ಆ ಫೈಲಿನಲ್ಲೇ.